ಕರುಳಿನಲ್ಲಿ ಬಿಡಾರ ಹೂಡುವ ರೋಗಾಣು
(ಮಾಧವರಂನಲ್ಲಿ ಸೇರಿದ್ದ ಕನ್ನಡ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)



ಹೋಟೆಲು ಮುಚ್ಚಿ, ಪಾಳಿ ಮುಗಿಸಿ ದಣಿದು ಬಂದಿರುವ ನಿಮ್ಮೆದುರು ಕರುಳಿನ ವಿಚಾರ ತೆಗೆಯುವುದು ಅಷ್ಟೇನೂ ರುಚಿಕರವಲ್ಲವೆಂದು ಬಲ್ಲೆ. ಆದರೆ ನಮ್ಮಲ್ಲಿ ಅನೇಕರು ಊರಿಗೆಲ್ಲ ಉಣಬಡಿಸುವವರು. ಉಳಿದವರು ಅವರ ಕೈಯಡುಗೆ ಉಣ್ಣುವವರು. ಆದಕಾರಣ ಈ ಮಾತು ಇಬ್ಬರಿಗೂ ಸೇರಿದ್ದು.

ಬಾಯಿಗೆ ಬಿದ್ದ ಕ್ರಿಮಿಯೆಲ್ಲ ರೋಗ ತರುವುದಿಲ್ಲ. ಜಠರದ ಹುಳಿರಸವೇ ಮೊದಲನೆಯ ಕಾವಲುಗಾರ. ಕಾಲರಾ ಕ್ರಿಮಿಯನ್ನು ಸ್ವಯಂಸೇವಕರಿಗೆ ಕುಡಿಸಿ ನಡೆಸಿದ ಪರೀಕ್ಷೆಗಳಲ್ಲಿ, ಬರಿಯ ನೀರಿನಲ್ಲಿ ಕೊಟ್ಟಾಗ ರೋಗ ಬರಲು ಕೋಟಿಗಟ್ಟಲೆ ಕ್ರಿಮಿ ಬೇಕಾದವು. ಸೋಡಾ ಬೈಕಾರ್ಬನೇಟು ಕೊಟ್ಟು ಹುಳಿ ಮುರಿದ ಮೇಲೆ ಕೆಲವು ಲಕ್ಷವೇ ಸಾಕಾದವು. ಎದೆಯುರಿಯೆಂದು ದಿನವೂ ಹುಳಿ ಮುರಿಯುವ ಮಾತ್ರೆ ನುಂಗುವವರು ಇದನ್ನು ನೆನೆಯಬೇಕು.

ಎರಡನೆಯ ಕಾವಲು ನಾವು ಎಣಿಸದ ಕಡೆಯಿಂದ ಬರುತ್ತದೆ. ನಮ್ಮ ಕರುಳಿನಲ್ಲಿ ಹುಟ್ಟಿದಂದಿನಿಂದ ನೆಲೆಸಿದ ಲೆಕ್ಕವಿಲ್ಲದಷ್ಟು ಸಾಧು ಕ್ರಿಮಿಗಳಿವೆ. ಜಾಗವನ್ನೂ ಆಹಾರವನ್ನೂ ಅವೇ ಹಿಡಿದಿರುವುದರಿಂದ ಹೊಸಬನಿಗೆ ಕಾಲಿಡಲು ಎಡೆಯಿಲ್ಲ. 1950ರ ದಶಕದಲ್ಲಿ ಶಿಕಾಗೋದ ವಿಜ್ಞಾನಿಗಳು ಇಲಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಸಾಲ್ಮೊನೆಲ್ಲ ಕ್ರಿಮಿ ನೆಲೆಯೂರಲು ಸುಮಾರು ಒಂದು ಲಕ್ಷ ಬೇಕಾಗುತ್ತಿದ್ದ ಇಲಿಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ಹಳೆಯ ನಿವಾಸಿಗಳನ್ನು ಓಡಿಸಿದಾಗ, ಹತ್ತಕ್ಕಿಂತ ಕಡಿಮೆ ಸಾಕಾಯಿತು! ಅಂಗಡಿಯಲ್ಲಿ ಕೇಳಿ ಎರಡು ಗುಳಿಗೆ ಕೊಂಡು ನುಂಗುವ ನಮ್ಮ ಅಭ್ಯಾಸಕ್ಕೆ ಏನೆನ್ನೋಣ?

ಈ ಎರಡೂ ಕಾವಲು ದಾಟಿದ ಕ್ರಿಮಿ ಏನು ಮಾಡುತ್ತದೆ? ಕಾಲರಾದ್ದು ಬಾಲ ಬಡಿದು ಈಜಿ, ಕರುಳಿನ ಲೋಳೆಯನ್ನು ಸೀಳಿ, ಕೂದಲಿನಂಥ ಎಳೆಗಳಿಂದ ಗೋಡೆಗೆ ಅಂಟಿಕೊಳ್ಳುತ್ತದೆ. ಒಳಗೆ ನುಗ್ಗುವುದಿಲ್ಲ, ಅಲ್ಲಿಯೇ ಕುಳಿತು ವಿಷ ಸುರಿಸುತ್ತದೆ. ಆ ವಿಷವನ್ನು 1959ರಲ್ಲಿ ಮೊಲದ ಕರುಳಿನಲ್ಲಿ ತೋರಿಸಿಕೊಟ್ಟವರು ಕಲಕತ್ತೆಯ ಶಂಭುನಾಥ ಡೇ. 1992ರ ಕೊನೆಯಲ್ಲಿ ಇದೇ ಮದರಾಸಿನಲ್ಲಿ ಒ-139 ಎಂಬ ಹೊಸ ತಳಿ ಕಾಣಿಸಿತು. ಅದರ ಹೊರ ಅಂಗಿ ಬೇರೆಯಾಗಿದ್ದ ಕಾರಣ, ಹಳೆಯ ಕಾಲರಾಕ್ಕೆ ಹೊಂದಿಕೊಂಡಿದ್ದ ದೊಡ್ಡವರೂ ಮಲಗಿದರು. ಕೆಲವೇ ತಿಂಗಳಲ್ಲಿ ಅದು ಬಾಂಗ್ಲಾದೇಶವನ್ನು ಮುಟ್ಟಿತು.

ಟೈಫಾಯಿಡ್ ಕ್ರಿಮಿಯ ಠಕ್ಕು ಬೇರೆ ಬಗೆಯದು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ, ಒಳಗೆ ಬಂದದ್ದನ್ನು ಪರೀಕ್ಷಿಸುವುದಕ್ಕೆಂದೇ ದೇಹ ಇಟ್ಟುಕೊಂಡ ಬಾಗಿಲುಗಳಿವೆ. ಕಳ್ಳ ಅದೇ ಬಾಗಿಲಿನಿಂದ ನುಗ್ಗುತ್ತಾನೆ. ಹಿಡಿಯಲು ಬಂದ ಬಿಳಿಯ ರಕ್ತಕಣದೊಳಗೇ ಅಡಗಿ, ಯಕೃತ್ತು, ಗುಲ್ಮ, ಎಲುಬಿನ ಮಜ್ಜೆಗಳನ್ನು ಸೇರುತ್ತಾನೆ. ಒಂದೆರಡು ವಾರ ಏನೂ ತಿಳಿಯದು, ಆಮೇಲೆ ಜ್ವರ. ಅಷ್ಟರಲ್ಲಿ ಪಿತ್ತಕೋಶಕ್ಕೂ ಹೋಗಿ, ಪಿತ್ತರಸದೊಡನೆ ಮತ್ತೆ ಕರುಳಿಗೆ ಇಳಿಯುತ್ತಾನೆ. ಪಿತ್ತಕೋಶದಲ್ಲಿ ಕಲ್ಲುಗಳಿದ್ದರೆ ಅವುಗಳ ಮೇಲೆ ಪಾಚಿಯಂತೆ ಹರಡಿ ವರ್ಷಗಟ್ಟಲೆ ಬಾಳುತ್ತಾನೆ. ಗುಣವಾದ ನೂರು ಜನರಲ್ಲಿ ಎರಡರಿಂದ ಐದು ಮಂದಿ ಹೀಗೆ ವಾಹಕರಾಗಿ ಉಳಿಯುತ್ತಾರೆ. ಅವರಿಗೆ ಜ್ವರವಿಲ್ಲ, ನೋವಿಲ್ಲ, ತಾವು ವಾಹಕರೆಂಬ ಅರಿವೂ ಇಲ್ಲ.

ಇಲ್ಲಿ ಒಬ್ಬ ಅಡುಗೆಯವಳ ಕಥೆ ಹೇಳಬೇಕು. ಮೇರಿ ಮ್ಯಾಲನ್ ಐರ್ಲೆಂಡಿನಿಂದ ನ್ಯೂಯಾರ್ಕಿಗೆ ಹೊಟ್ಟೆಪಾಡಿಗೆ ಹೋದವಳು, ನಾವು ಊರು ಬಿಟ್ಟು ಇಲ್ಲಿಗೆ ಬಂದಂತೆಯೇ. ಅವಳು ಅಡುಗೆ ಮಾಡಿದ ಮನೆಗಳಲ್ಲಿ ಟೈಫಾಯಿಡ್ ಎದ್ದಿತು. 1907ರಲ್ಲಿ ಹಿಡಿದು ಒಂದು ದ್ವೀಪದಲ್ಲಿಟ್ಟರು. ಇನ್ನು ಅಡುಗೆ ಮಾಡುವುದಿಲ್ಲವೆಂದು ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸದಲ್ಲಿ ಅಡುಗೆಯಷ್ಟು ಸಂಬಳ ಹುಟ್ಟಲಿಲ್ಲ. ಹೆಸರು ಬದಲಿಸಿಕೊಂಡು ಮತ್ತೆ ಸೌಟು ಹಿಡಿದಳು. ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೈದು ಮಂದಿ ಕಾಯಿಲೆ ಬಿದ್ದರು, ಇಬ್ಬರು ಸತ್ತರು. 1915ರಲ್ಲಿ ಮತ್ತೆ ಹಿಡಿದವರು ಅವಳನ್ನು 1938ರಲ್ಲಿ ಸಾಯುವ ತನಕ ಬಿಡಲಿಲ್ಲ. ತಪ್ಪು ಅವಳದೂ ಇತ್ತು, ಒಪ್ಪುತ್ತೇನೆ. ಆದರೆ ಸಮನಾದ ಕೂಲಿಯ ಬೇರೆ ಕೆಲಸವನ್ನು ಆ ಸರ್ಕಾರ ಒದಗಿಸಿದ್ದರೆ ಅವಳು ಸೌಟಿಗೆ ಮರಳುತ್ತಿದ್ದಳೆ? ನಮ್ಮ ಸಪ್ಲೈಯರ್ ಹುಡುಗರು ಜ್ವರ ಮುಚ್ಚಿಟ್ಟು ತಟ್ಟೆ ಹೊರುವುದೂ ಇದೇ ಭಯದಿಂದ.

ಹಾಗೆಂದು ಇಡ್ಲಿಯ ಮೇಲೆ ಅಪವಾದ ಹೊರಿಸಬೇಡಿ. ಹಬೆಯಲ್ಲಿ ಬೆಂದದ್ದರಲ್ಲಿ ಈ ಕ್ರಿಮಿ ಉಳಿಯದು. ಕುದಿಯುವ ಸಾಂಬಾರಿನಲ್ಲಿಯೂ ಇಲ್ಲ. ಹಾಲನ್ನು ಡೈರಿಯಲ್ಲಿ 72 ಡಿಗ್ರಿಗೆ 15 ಸೆಕೆಂಡು ಕಾಯಿಸಿದರೂ ಸಾಯುತ್ತದೆ. ಅಪಾಯವಿರುವುದು ಚಟ್ನಿಗೆ ಬೆರೆಸುವ ಹಸಿ ನೀರಿನಲ್ಲಿ, ಹೆಚ್ಚಿಟ್ಟ ಈರುಳ್ಳಿಯಲ್ಲಿ, ಲೋಟದೊಳಗೆ ಬೆರಳಿಟ್ಟು ನೀರು ತರುವ ಕೈಯಲ್ಲಿ. ಕಕ್ಕಸಿನ ಬಳಿ ಸೋಪಿಡದ ಮಾಲೀಕನು ಆ ಕೈಯನ್ನು ಬೈಯುವ ಹಕ್ಕುಳ್ಳವನಲ್ಲ.

2011ರ ಆಹಾರ ಸುರಕ್ಷತಾ ನಿಯಮದಂತೆ ಅಡುಗೆ, ಬಡಿಸುವ ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯ ಪರೀಕ್ಷೆಯೂ ಟೈಫಾಯಿಡ್ ಗುಂಪಿನ ರೋಗಗಳ ಚುಚ್ಚುಮದ್ದೂ ಆಗಬೇಕು. ಆದರೆ ವಾಹಕನ ಮಲದಲ್ಲಿ ಕ್ರಿಮಿ ದಿನವೂ ಬೀಳುವುದಿಲ್ಲ. ಒಂದು ಪರೀಕ್ಷೆಯಲ್ಲಿ ಕಾಣದಿದ್ದರೆ ನಿಶ್ಚಿಂತರಾಗುವಂತಿಲ್ಲ. ಟೈಫಾಯಿಡ್ ಬಂದು ಹೋದವರು ಬೇರೆ ಬೇರೆ ದಿನಗಳಲ್ಲಿ ಮೂರು ಸಲವಾದರೂ ಕೊಡಬೇಕು. ವಾಹಕನೆಂದು ತಿಳಿದರೆ ವಾರಗಟ್ಟಲೆ ಔಷಧವುಂಟು. ಅದು ಸಾಲದಿದ್ದರೆ ಕೆಲವರಿಗೆ ಪಿತ್ತಕೋಶವನ್ನೇ ತೆಗೆಯುತ್ತಾರೆ. ಆ ದಿನಗಳ ಕೂಲಿ ಯಾರು ಕೊಡಬೇಕು, ಅಷ್ಟರವರೆಗೆ ಅವನನ್ನು ಗಲ್ಲಾದಲ್ಲೋ ಉಗ್ರಾಣದ ಲೆಕ್ಕದಲ್ಲೋ ಹೇಗೆ ಇರಿಸಿಕೊಳ್ಳಬೇಕು, ಇದನ್ನು ಮುಂದಿನ ಸಭೆಗೆ ಮಾಲೀಕರನ್ನೂ ಕರೆಸಿ, ಎದುರಿಗೆ ಕೂರಿಸಿಕೊಂಡು ಮಾತಾಡೋಣ.