ಗ್ಲಾಮರ್ ಎಂಬ ಕಣ್ಕಟ್ಟು
(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಎಂಟನೇ ತರಗತಿಯಲ್ಲಿ ಇಂಗ್ಲಿಷ್ ಗ್ರಾಮರ್ ಪೀರಿಯಡ್ ಎಂದರೆ ನಮಗೆ ಜ್ವರ ಬರುತ್ತಿತ್ತು. ಗ್ಲಾಮರ್ ಎಂದರೆ ಮಾತ್ರ ಚೆನ್ನಾಗಿ ಗೊತ್ತಿತ್ತು, ಟೂರಿಂಗ್ ಟಾಕೀಸಿನ ಪೋಸ್ಟರು! ಇವೆರಡೂ ಮೂಲದಲ್ಲಿ ಒಂದೇ ಪದ ಎಂದು ಆಗ ಯಾರಾದರೂ ಹೇಳಿದ್ದರೆ ನಗುತ್ತಿದ್ದೆವು. ಆದರೆ ಅದು ನಿಜ.

ಗ್ರೀಕ್ ಭಾಷೆಯಲ್ಲಿ 'ಗ್ರಮ್ಮ' ಎಂದರೆ ಅಕ್ಷರ. ನಮ್ಮ ಗ್ರಾಮಕ್ಕೂ ಅದಕ್ಕೂ ಸಂಬಂಧವಿಲ್ಲ. ಅಕ್ಷರವಿದ್ಯೆಗೆ ಅದರಿಂದ ಬಂದ ಹೆಸರು ಲ್ಯಾಟಿನ್, ಫ್ರೆಂಚ್ ದಾಟಿ ಬ್ರಿಟನ್ನಿಗೆ ಬಂದು ಗ್ರಾಮರ್ ಆಯಿತು. ಆ ಕಾಲದಲ್ಲಿ ಓದಬಲ್ಲವರು ಕೆಲವೇ ಮಂದಿ, ಬಹುಪಾಲು ಪಾದ್ರಿಗಳು. ಉಳಿದವರಿಗೆ, ಪುಸ್ತಕ ಹಿಡಿದು ತಿಳಿಯದ ಭಾಷೆಯಲ್ಲಿ ತುಟಿ ಅಲ್ಲಾಡಿಸುವವನು ಮಂತ್ರವಾದಿಯಂತೆಯೇ ಕಂಡಿರಬೇಕು. ಫ್ರಾನ್ಸಿನಲ್ಲಿ ಇದೇ ಪದದಿಂದ 'ಗ್ರಿಮ್ವಾರ್' ಹುಟ್ಟಿತು. ಹಾಗೆಂದರೆ ಮಾಟದ ಪುಸ್ತಕ. ಸ್ಕಾಟ್ಲೆಂಡಿನ ಜನರ ನಾಲಗೆಯಲ್ಲಿ ಗ್ರಾಮರಿನ ಮೊದಲ ರಕಾರ ಲಕಾರವಾಗಿ 'ಗ್ಲಾಮರ್' ಆಯಿತು.

ಅವರಿಗೆ ಗ್ಲಾಮರ್ ಎಂದರೆ ಚೆಲುವಲ್ಲ. 1721ರಲ್ಲಿ ಅಲನ್ ರಾಮ್ಸೆ ಎಂಬ ಸ್ಕಾಟಿಷ್ ಕವಿ ತನ್ನ ಕವಿತೆಗಳ ಜೊತೆ ಪದಗಳ ಅರ್ಥವನ್ನೂ ಕೊಟ್ಟಿದ್ದಾನೆ. ದೆವ್ವಗಳೋ ಮಾಂತ್ರಿಕರೋ ನೋಡುವವರ ದೃಷ್ಟಿಯನ್ನು ಮೋಸಗೊಳಿಸಿದರೆ, ಅವರ ಕಣ್ಣಿಗೆ ಗ್ಲಾಮರ್ ಹಾಕಿದರು ಎನ್ನುತ್ತಿದ್ದರಂತೆ. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮಾತಿದೆ: ಕಣ್ಕಟ್ಟು. ರೈತನ ಮಗನಾಗಿದ್ದ ಕವಿ ರಾಬರ್ಟ್ ಬರ್ನ್ಸ್ 1789ರ ಒಂದು ಕವಿತೆಯಲ್ಲಿ ಗ್ಲಾಮರಿಗೆ ಗ್ರಾಮರನ್ನೇ ಪ್ರಾಸವಾಗಿ ಕೂರಿಸಿದ. ಅಲ್ಲಿನ ಗ್ರಾಮರ್ ಶಾಲೆಯದಲ್ಲ, ನರಕದ್ದು!

ಓದಿದವನನ್ನು ಜನ ಏನು ಮಾಡುತ್ತಾರೆ ಎಂಬುದಕ್ಕೆ ಮೈಕೆಲ್ ಸ್ಕಾಟ್ ಎಂಬ ವಿದ್ವಾಂಸನೇ ಸಾಕ್ಷಿ. 13ನೆಯ ಶತಮಾನದಲ್ಲಿ ಅರಿಸ್ಟಾಟಲನ ಗ್ರಂಥಗಳನ್ನು ಅರಬ್ಬೀಯಿಂದ ಲ್ಯಾಟಿನ್ನಿಗೆ ತಂದವನು ಅವನು. ಅವನ ಸ್ವಂತ ನಾಡಿನಲ್ಲಿ ಉಳಿದ ಕಥೆಯೇ ಬೇರೆ: ಐಲ್ಡನ್ ಬೆಟ್ಟವನ್ನು ಮಂತ್ರದಿಂದ ಮೂರು ಹೋಳು ಮಾಡಿಸಿದ ಮಾಯಾವಿ! ಅನುವಾದಕರಿಗೆ ಇಷ್ಟು ದೊಡ್ಡ ಗೌರವ ಮತ್ತೆಲ್ಲೂ ಸಿಕ್ಕಿರಲಿಕ್ಕಿಲ್ಲ. 1805ರಲ್ಲಿ ವಾಲ್ಟರ್ ಸ್ಕಾಟ್ ಈ ಮಾಯಾವಿಯ ಪುಸ್ತಕವನ್ನೇ ಇಟ್ಟುಕೊಂಡು ಒಂದು ಕಥನಕಾವ್ಯ ಬರೆದ. ಗ್ಲಾಮರ್ ಪದ ಇಂಗ್ಲಿಷಿನಲ್ಲಿ ಹರಡಿದ್ದು ಅವನಿಂದ. ಸಿನಿಮಾದವರ ಕೈಗೆ ಸಿಕ್ಕಿದ್ದು ಆಮೇಲೆ.

ಇದನ್ನೆಲ್ಲ ಓದಿದಾಗ ನನಗೆ ಸ್ಕಾಟ್ಲೆಂಡಿಗಿಂತ ಹೆಚ್ಚಾಗಿ ನಮ್ಮ ಅಜ್ಜಿ ನೆನಪಾದಳು. ಅಜ್ಜ ಒಂದು ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದ. ಓದಿ ಹೇಳಿದ್ದು ಒಂದು, ಬರೆದದ್ದು ಇನ್ನೊಂದು. ಹೊಳೆದಂಡೆಯ ಎರಡು ಎಕರೆ ಹೋಯಿತು. ಪತ್ರ ಬರೆದವನನ್ನು ಅಜ್ಜಿ ಕಳ್ಳ ಎಂದು ಬೈಯಲಿಲ್ಲ. "ಕಣ್ಕಟ್ಟು ಮಾಡ್ಬಿಟ್ಟ ಕಣಪ್ಪಾ" ಎನ್ನುತ್ತಿದ್ದಳು.

ನಮ್ಮ ಮನೆಯಿಂದ ಹೈಸ್ಕೂಲು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಸೇರಿದ ವರ್ಷ ಅಜ್ಜಿ ಟ್ರಂಕಿನಿಂದ ಒಂದು ಕಂದಾಯದ ರಸೀದಿ ತೆಗೆದು ಓದಿಸಿದಳು. ಓದಿದೆ. ಮಾತಾಡದೆ ಮಡಚಿಟ್ಟಳು. ನಾಲ್ಕು ದಿನ ಬಿಟ್ಟು ಅದನ್ನೇ ಮತ್ತೆ ಓದಿಸಿದಳು. ಆಮೇಲೆ ಪಕ್ಕದ ಮನೆಯ ಹುಡುಗಿಯನ್ನೂ ಕರೆದು, ನನ್ನನ್ನು ಹೊರಗೆ ಕಳಿಸಿ, ಅವಳ ಕೈಲೂ ಓದಿಸಿದಳಂತೆ. ಆ ಹುಡುಗಿ ಇದೇ ಶಾಲೆಯಲ್ಲಿ ನನಗಿಂತ ಒಂದು ವರ್ಷ ಮುಂದಿದ್ದಳು, ಈಗ ಈ ಸಭೆಯಲ್ಲೇ ಕೂತಿದ್ದಾಳೆ. ಇಬ್ಬರ ಬಾಯಲ್ಲೂ ಒಂದೇ ಅಂಕಿ ಬಂತು. ಅವತ್ತು ರಾತ್ರಿ ನನ್ನ ತಟ್ಟೆಗೆ ಮುದ್ದೆಯ ಜೊತೆ ಒಂದು ಚಮಚ ತುಪ್ಪ ಹೆಚ್ಚಿಗೆ ಬಿತ್ತು.