ಶಾಲೆಗೂ ವಿಶ್ವವಿದ್ಯಾನಿಲಯಕ್ಕೂ ನಡುವಣ ಹಾದಿ

‘ಅನುದಾನ’ ಎಂಬ ಮಾತು ನಮ್ಮ ಶಾಲೆಗಳಲ್ಲಿ ದಿನವೂ ಕೇಳಿಬರುವಂಥದು. ಕನ್ನಡ ಕಲಿಸುವ ನನ್ನಂಥವನಿಗೆ ಅದರ ಮೊದಲ ಎರಡಕ್ಷರಗಳ ಮೇಲೆಯೇ ಕಣ್ಣು. ‘ಅನು’ ಎಂದರೆ ಹಿಂಬಾಲಿಸುವುದು, ಜೊತೆಗಿರುವುದು. ಅನುಚರ, ಅನುಸರಣೆ, ಅನುಬಂಧ, ಇವೆಲ್ಲ ಒಂದೇ ಬಳಗದವು. ಹಾಗಾದರೆ ಗಣಿತ, ವಿಜ್ಞಾನಗಳ ಬೋಧನೆಗೆಂದು ಸರ್ಕಾರ ಕೊಡುವ ಹಣ ಯಾವುದನ್ನು ಹಿಂಬಾಲಿಸಬೇಕು? ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಿಗೂ ಊರಿನ ಉಪಾಧ್ಯಾಯರಿಗೂ ಇರುವ ಒಡನಾಟವನ್ನು. ಆ ಒಡನಾಟವಿಲ್ಲದೆ ಹಣವೊಂದೇ ಬಂದರೆ ಶಾಲೆಯ ಬೀರು ತುಂಬೀತು. ಮಕ್ಕಳ ಅರಿವು ತುಂಬದು.

ಯೋಜನೆಗಳಿಗೇನೂ ಕೊರತೆಯಿಲ್ಲ. 2015ರ ಜುಲೈ 9ರಂದು ಡಾ. ಅಬ್ದುಲ್ ಕಲಾಂ ಅವರು ರಾಷ್ಟ್ರೀಯ ಆವಿಷ್ಕಾರ ಅಭಿಯಾನವನ್ನು ಉದ್ಘಾಟಿಸಿದರು. ಆರರಿಂದ ಹದಿನೆಂಟು ವಯಸ್ಸಿನ ಮಕ್ಕಳಲ್ಲಿ ಗಣಿತ ವಿಜ್ಞಾನಗಳ ಒಲವು ಬೆಳೆಸಲು ಉನ್ನತ ವಿದ್ಯಾಸಂಸ್ಥೆಗಳು ಶಾಲೆಗಳ ಕೈಹಿಡಿದು ನಡೆಸಬೇಕು ಎಂಬುದೇ ಅದರ ತಿರುಳು. 2016ರಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆ ಬಂದಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ನೆರವು. ಅದರಲ್ಲಿ 10 ಲಕ್ಷ ಸ್ಥಾಪನೆಗೆ, ಉಳಿದ 10 ಲಕ್ಷ ಐದು ವರ್ಷಗಳ ಒಳಗಿನ ನಿರ್ವಹಣೆಗೆ. ಕೊಳ್ಳುವುದಕ್ಕೆ ಎಷ್ಟೋ ನಡೆಸುವುದಕ್ಕೂ ಅಷ್ಟೇ ಬೇಕೆಂಬ ವಿವೇಕ ಈ ಲೆಕ್ಕದಲ್ಲಿದೆ.

ಆದರೂ ಒಂದು ತೊಡಕುಂಟು. ಗಾಜಿನ ಸಲಕರಣೆ ಒಡೆದರೆ ದಾಸ್ತಾನು ಪುಸ್ತಕದ ಮುಂದೆ ಉತ್ತರ ಹೇಳಬೇಕಾದವರು ಉಪಾಧ್ಯಾಯರು. ಆದ್ದರಿಂದ ಪೆಟ್ಟಿಗೆಗಳಿಗೆ ಬೀಗ ಬೀಳುತ್ತದೆ. ಇದು ಸೋಮಾರಿತನವಲ್ಲ, ಅಂಜಿಕೆ. ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು, “ಒಡೆದರೆ ಒಡೆಯಲಿ, ಮಾಡಿ ನೋಡೋಣ ಬನ್ನಿ” ಎಂದಾಗಲೇ ಆ ಬೀಗ ತೆಗೆಯುವ ಧೈರ್ಯ ಬರುವುದು.

ಮಧ್ಯಪ್ರದೇಶದಲ್ಲಿ, ಆಗ ಹೋಷಂಗಾಬಾದ್ ಎನಿಸಿದ್ದ ಜಿಲ್ಲೆಯಲ್ಲಿ, 1972ರಲ್ಲಿ 16 ಮಾಧ್ಯಮಿಕ ಶಾಲೆಗಳಿಂದ ಇಂಥ ಕೆಲಸ ಮೊದಲಾಯಿತು. ದೆಹಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಳ್ಳಿಯ ಉಪಾಧ್ಯಾಯರೊಡನೆ ಕುಳಿತು ಪ್ರಯೋಗಗಳನ್ನು ತಿದ್ದಿದರು, ಪಾಠಗಳನ್ನು ರೂಪಿಸಿದರು. ಮೂರು ದಶಕಗಳ ಆ ಪ್ರಯತ್ನವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ಕಟ್ಟುವುದಕ್ಕೆ ಮೂವತ್ತು ವರ್ಷ ಬೇಕು. ನಿಲ್ಲಿಸುವುದಕ್ಕೆ ಒಂದು ಆಜ್ಞೆ ಸಾಕು.

ಇನ್ನು ನಮ್ಮ ಜಿಲ್ಲೆಯನ್ನೇ ನೋಡಿ. ಪ್ರಾಧ್ಯಾಪಕರು ಇಲ್ಲಿಗೆ ಬರಿಗೈಯಲ್ಲಿ ಬಂದರೂ ಪಾಠಕ್ಕೆ ಸಾಮಗ್ರಿ ಬೇಕಾದಷ್ಟಿದೆ. ಶಿಡ್ಲಘಟ್ಟದಲ್ಲಿ ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕೆಂಬುದನ್ನು ‘ರೆಂಡಿಟ್ಟಾ’ ಎನ್ನುತ್ತಾರೆ. ನೂಲು ಬಿಚ್ಚುವ ಮನೆಯ ಮಗುವಿಗೆ ಅನುಪಾತದ ಲೆಕ್ಕವನ್ನು ಇಲ್ಲಿಂದಲೇ ಹೇಳಬಹುದು. ರೇಷ್ಮೆಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಸಾಕುವವರು ಅದನ್ನು ‘ಜ್ವರ’ ಎನ್ನುತ್ತಾರೆ. ಪಾಠ ಹೇಳುವವರು ಈ ಮಾತನ್ನು ಅರಿತರೆ ಮಗು ಅರ್ಧ ಪಾಠವನ್ನು ತಾನೇ ಒಪ್ಪಿಸುತ್ತದೆ. ಚಿಂತಾಮಣಿಯಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಕಾಲೇಜೇ ಇದೆ. ಗೌರಿಬಿದನೂರಿನ ಬಳಿ 1976ರಿಂದ ರೇಡಿಯೋ ದೂರದರ್ಶಕದ ಕ್ಷೇತ್ರವುಂಟು. ತಮ್ಮ ಮನೆಯ ಪೆಟ್ಟಿಗೆಗೆ ಈ ದನಿಯನ್ನು ತರುವ ಅಲೆಗಳ ಬಂಧುಗಳನ್ನೇ ಅದು ಆಕಾಶದಿಂದ ಹಿಡಿಯುತ್ತದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಪುಸ್ತಕದ ಮಾತು. ತಮ್ಮೂರಿನ ನೀರನ್ನು ಮಕ್ಕಳೇ ಅಳೆದರೆ ಅದು ಬದುಕಿನ ಮಾತು. ಹಲ್ಲು, ಮೂಳೆಗಳ ಆರೋಗ್ಯ ಆ ಅಳತೆಯಲ್ಲಿ ಅಡಗಿದೆ.

ವಿಜ್ಞಾನವನ್ನು ಜನರ ಬಳಿಗೆ ತಂದ ಹಿರಿಯರು ಹೊರಗಿನವರೇನೂ ಅಲ್ಲ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಅಧ್ಯಾಪಕರು, ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ವಾರವಾರವೂ ವಿಜ್ಞಾನಿಗಳನ್ನು ಕರೆಸಿ ಜನರಿಗೆ ಉಪನ್ಯಾಸ ಕೊಡಿಸಿತು. ಅದರ ಬಲವೆಲ್ಲ ಆ ‘ವಾರವಾರ’ ಎಂಬ ಮಾತಿನಲ್ಲಿದೆ. ವರ್ಷಕ್ಕೊಮ್ಮೆ ಬಂದು ಹಾರ ಹಾಕಿಸಿಕೊಂಡು ಹೋಗುವ ಅತಿಥಿಯಿಂದ ಆಗದ ಕೆಲಸ, ತಿಂಗಳಿಗೊಮ್ಮೆ ತಪ್ಪದೆ ಬಸ್ಸಿಳಿದು ಬರುವ ಒಬ್ಬ ಉಪನ್ಯಾಸಕರಿಂದ ಆಗುತ್ತದೆ. 2017ರಲ್ಲಿ ನಮ್ಮ ಜಿಲ್ಲೆಗಳ ಪಾಲಿಗೆ ಬಂದ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯದಿಂದ ನಾವು ಬೇಡಬೇಕಾದುದೂ ಇದನ್ನೇ.

ತಂದೆತಾಯಿಗಳು ಮಾಡಬಹುದಾದ ಕೆಲಸವೂ ಒಂದುಂಟು. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ತಾವು ಹೋದಾಗ, ಹಣವೆಷ್ಟು ಬಂದಿತೆಂದು ಕೇಳುವುದು ಸರಿಯೇ. ಅದರೊಡನೆ ಇನ್ನೆರಡು ಪ್ರಶ್ನೆ ಕೇಳಿ: ಈ ತಿಂಗಳು ಬೀರು ಎಷ್ಟು ಸಲ ತೆರೆಯಿತು? ಕಾಲೇಜಿನಿಂದ ಯಾರು ಬಂದಿದ್ದರು? ಉಪಾಧ್ಯಾಯರನ್ನು ಗದರಿಸುವ ದನಿಯಲ್ಲಿ ಬೇಡ. ಒಡೆದ ಗಾಜಿಗೆ ನಾವೂ ಹೊಣೆ ಎನ್ನುವ ದನಿಯಲ್ಲಿ ಕೇಳಿ.