ಕೂದಲು ಬೆಳೀತಾನೇ ಇದೆ, ಉಳೀತಾ ಇಲ್ಲ ಅಷ್ಟೇ

ಈ ವಾರದ ವಿಷಯ ಉದ್ದ ಕೂದಲು. ನಗಬೇಡಿ, ನನಗೆ ಇದು ಸೀರಿಯಸ್ ವಿಷಯ.

2023ರ ಮಳೆಗಾಲದಲ್ಲಿ ನನಗೆ ಡೆಂಗಿ ಬಂದಿತ್ತು. ಹುಷಾರಾದೆ, ಕೆಲಸಕ್ಕೆ ಹೋದೆ, ಮರೆತೂ ಬಿಟ್ಟೆ. ಎರಡೂವರೆ ತಿಂಗಳಾದ ಮೇಲೆ ಒಂದು ಭಾನುವಾರ ತಲೆಸ್ನಾನ ಮಾಡುವಾಗ ಕೈತುಂಬ ಕೂದಲು ಬಂತು. ಬಚ್ಚಲ ಜಾಲರಿ ಕಟ್ಟಿಕೊಂಡು ನೀರು ನಿಂತುಬಿಡ್ತು. ಅಮ್ಮ ಕಾಲಿ ಜಡೆ ನೋಡಿ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೇ ಇದ್ದದ್ದೇ ಹೆಚ್ಚು ಭಯ ಆಯ್ತು.

ಆಮೇಲೆ ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ರೀಲ್ಸಲ್ಲಿ ಬಂದ ಎಣ್ಣೆ, ಸೀರಮ್, ಬಯೋಟಿನ್ ಗಮ್ಮಿ. ಲೆಕ್ಕ ಇಡೋ ಅಭ್ಯಾಸ ಇರೋದ್ರಿಂದ ಗೊತ್ತು: ಎರಡು ತಿಂಗಳಲ್ಲಿ 7,400 ರೂಪಾಯಿ. ಕೊನೆಗೆ ಚರ್ಮದ ಡಾಕ್ಟರ ಹತ್ರ ಹೋದರೆ ಅವರು ಕೇಳಿದ ಮೊದಲ ಪ್ರಶ್ನೆ, "ಮೂರು ತಿಂಗಳ ಹಿಂದೆ ಜ್ವರ ಏನಾದ್ರೂ ಬಂದಿತ್ತಾ?"

ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ಮಾಡೋ ಡಯಟ್, ಇಂಥದ್ದೆಲ್ಲ ಆದಾಗ ತುಂಬ ಕೂದಲು ಒಟ್ಟಿಗೇ ವಿಶ್ರಾಂತಿ ಹಂತಕ್ಕೆ ಹೋಗಿಬಿಡ್ತವೆ. ಉದುರೋದು ಎರಡು ಮೂರು ತಿಂಗಳಾದ ಮೇಲೆ. ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಅಂತಾರೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ತಗ್ಗುತ್ತೆ. ಆದರೆ ನನಗೆ ರಕ್ತಪರೀಕ್ಷೆಯಲ್ಲಿ ಫೆರಿಟಿನ್, ಅಂದ್ರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಂಶ, ತಳ ಮುಟ್ಟಿತ್ತು. ಸೀರಮ್‌ಗೆ ಸುರಿದ ದುಡ್ಡು ವೇಸ್ಟು. ಬೇಕಾಗಿದ್ದದ್ದು ಕಬ್ಬಿಣದ ಮಾತ್ರೆ. ಅದನ್ನೂ ಟೆಸ್ಟ್ ಮಾಡಿಸದೇ ತಗೋಬೇಡಿ. ಬಯೋಟಿನ್ ಕೂಡ ಕೊರತೆ ಇದ್ದವರಿಗೆ ಮಾತ್ರ ಕೆಲಸ ಮಾಡೋದು. ಜಾಸ್ತಿ ತಗೊಂಡ್ರೆ ಥೈರಾಯ್ಡ್ ಟೆಸ್ಟಿನ ರಿಪೋರ್ಟೇ ತಪ್ಪು ಬರಬಹುದು.

ದಿನಕ್ಕೆ 50ರಿಂದ 100 ಕೂದಲು ಉದುರೋದು ಎಲ್ಲರಿಗೂ ಇದ್ದದ್ದೇ. ಅದನ್ನ ಎಣಿಸ್ತಾ ಕೂರಬೇಡಿ.

ಇನ್ನು ಉದ್ದದ ವಿಷಯ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತೆ. ಬಿ.ಕಾಂ. ಭಾಷೆಯಲ್ಲಿ ಹೇಳೋದಾದ್ರೆ ಆದಾಯ ಫಿಕ್ಸು. ಯಾವ ಎಣ್ಣೆಯೂ ಅದನ್ನ ಡಬಲ್ ಮಾಡಲ್ಲ. ನಮ್ಮ ಕೈಲಿರೋದು ಖರ್ಚು, ಅಂದ್ರೆ ತುದಿಯಲ್ಲಿ ಮುರಿಯೋದು. ಸೊಂಟ ಮುಟ್ಟೋ ಜಡೆಯ ತುದಿಗೆ ಐದಾರು ವರ್ಷ ವಯಸ್ಸಾಗಿರುತ್ತೆ. ಅಷ್ಟು ಹಳೇ ಬಟ್ಟೇನ ನಾವು ಬ್ರಷ್ ಹಾಕಿ ಉಜ್ಜುತ್ತೀವಾ?

ಒದ್ದೆ ಕೂದಲು ಬೇಗ ಮುರಿಯುತ್ತೆ. ಹಾಗಾಗಿ ಟವೆಲ್ಲಲ್ಲಿ ತಿಕ್ಕೋದು ಬಿಟ್ಟೆ. ಅಪ್ಪನ ಹಳೇ ಕಾಟನ್ ಪಂಚೆ ಸುತ್ತಿ ನೀರು ಹೀರಿಸ್ತೀನಿ. ಸಿಕ್ಕು ಬಿಡಿಸೋದು ಅಗಲ ಹಲ್ಲಿನ ಬಾಚಣಿಗೆಯಲ್ಲಿ, ತುದಿಯಿಂದ ಮೇಲಕ್ಕೆ. ಅಜ್ಜಿ ಇದನ್ನೇ ಹೇಳ್ತಿದ್ರು, ನನಗೆ ಕಾಲೇಜಿಗೆ ಲೇಟಾಗ್ತಿತ್ತು, ಬುಡದಿಂದ ಎಳೀತಿದ್ದೆ. ಶಾಂಪೂ ಬುಡಕ್ಕೆ, ಕಂಡಿಷನರ್ ತುದಿಗೆ. ಕಂಡಿಷನರ್ ಖಾಲಿಯಾದಾಗ ದಾಸವಾಳದ ಎಲೆಯ ಲೋಳೆ ಹಾಕಿದ್ದೀನಿ, ಸಿಕ್ಕು ಸಲೀಸಾಗಿ ಬಿಡುತ್ತೆ. ತಲೆ ತುಂಬ ಎಲೆಚೂರು ಉಳಿಯುತ್ತೆ, ಸೋಸಿ ಹಾಕ್ಕೊಳ್ಳಿ.

ತೆಂಗಿನೆಣ್ಣೆ ಬಗ್ಗೆ ಅಜ್ಜಿ ಗೆದ್ದರು. ಅದು ಕೂದಲಿನ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಕಳೆದುಹೋಗೋದನ್ನ ಕಡಿಮೆ ಮಾಡುತ್ತೆ, ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲ್ಲ ಅಂತ 2003ರ ಒಂದು ಅಧ್ಯಯನ ಇದೆ. ಮಾಡಿದವರು ತೆಂಗಿನೆಣ್ಣೆ ಮಾರೋ ಕಂಪನಿಯ ವಿಜ್ಞಾನಿಗಳೇ, ಅದನ್ನೂ ಹೇಳಿಬಿಡ್ತೀನಿ. ಹಾಗಿದ್ರೂ ಸ್ನಾನದ ಹಿಂದಿನ ರಾತ್ರಿ ನಾನು ಹಚ್ಚುತ್ತೀನಿ. ಹೊಟ್ಟು ಜಾಸ್ತಿ ಇದ್ದರೆ ಮಾತ್ರ ಬುಡಕ್ಕೆ ಹಚ್ಚಬೇಡಿ, ತುದಿಗಷ್ಟೇ ಸಾಕು.

ಸ್ಕೂಟರ್ ಓಡಿಸೋರು ಹೆಲ್ಮೆಟ್ ಹಾಕೋ ಮುಂಚೆ ಸಡಿಲವಾಗಿ ಜಡೆ ಹಾಕ್ಕೊಳ್ಳಿ. ಗಾಳಿಗೆ ಬಿಟ್ಟ ಕೂದಲು ಸಿಲ್ಕ್ ಬೋರ್ಡ್ ದಾಟೋಷ್ಟರಲ್ಲಿ ಹಗ್ಗ ಆಗಿರುತ್ತೆ. ಬಿಗಿ ಪೋನಿಟೇಲ್, ಬಿಗಿ ಬನ್ ದಿನಾ ಬೇಡ. ಹಣೆಯ ಅಂಚಿನ ಬುಡ ಎಳೆದೂ ಎಳೆದೂ ಕೊನೆಗೆ ಅಲ್ಲಿ ಕೂದಲು ಬರೋದೇ ನಿಲ್ಲಬಹುದು. ಉದ್ದ ಬಿಡ್ತಿರೋ ಹುಡುಗರೇ, ಮ್ಯಾನ್ ಬನ್‌ಗೂ ಇದೇ ರೂಲ್.

ಇನ್ನು ಟ್ರಿಮ್. ಕತ್ತರಿಸಿದರೆ ಬೇಗ ಬೆಳೆಯುತ್ತೆ ಅನ್ನೋದು ಸುಳ್ಳು. ಕತ್ತರಿ ಹಾಕೋದು ತುದಿಗೆ, ಬುಡಕ್ಕೆ ಅದು ಗೊತ್ತೂ ಆಗಲ್ಲ. ಆದರೆ ಸೀಳಿದ ತುದಿ ಹಾಗೇ ಬಿಟ್ಟರೆ ಸೀಳು ಮೇಲಕ್ಕೆ ಹೋಗುತ್ತೆ. ಮೂರು ನಾಲ್ಕು ತಿಂಗಳಿಗೊಮ್ಮೆ ಸ್ವಲ್ಪ ತೆಗೆಸ್ತೀನಿ. ಪಾರ್ಲರಲ್ಲಿ "ಸ್ವಲ್ಪ" ಅಂದ್ರೆ ಮೂರಿಂಚು ಹೋಗುತ್ತೆ, ಬೆರಳಲ್ಲಿ ಅಳತೆ ತೋರಿಸಿ.

ಈಗ ನನ್ನ ಜಡೆ ಬೆನ್ನಿನ ಅರ್ಧಕ್ಕೆ ಬಂದಿದೆ. ಹೋದ ಶನಿವಾರ ಟ್ರಿಮ್ ಮಾಡಿಸ್ಕೊಂಡು ಬಂದಾಗ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ರು, "ಎಷ್ಟು ತೆಗೆಸ್ದೆ?" ಅರ್ಧ ಇಂಚು ಅಂದೆ. ನಂಬಲಿಲ್ಲ, ತಿರುಗಿಸಿ ನಿಲ್ಲಿಸಿ ಗೇಣು ಹಾಕಿ ನೋಡಿದ್ರು.